ಇಪ್ಪತ್ತೊಂದು ಗುಲಗಂಜಿ

ಮೂವತ್ತು ಗ್ರೇನಿಂದು ತಗೊಳ್ಳಿ, ಸಿಡಿಲ ಹಾಗೆ ಹೋಗುತ್ತೆ
ಅಂದವರು ಟೀ ಲೋಟದೊಳಗೆ ಬನ್ನು ಅದ್ದುತ್ತಿದ್ದ
ನಿವೃತ್ತ ದಫೇದಾರ್ ಪುಟ್ಟಮಾದಯ್ಯ.
ಅರವತ್ತರದು, ಅಂದರು ಕುಟ್ಟಪ್ಪನವರು ಮೀಸೆಯೊಳಗಿಂದ,
ತೂಕವಿದ್ದರೇ ಮಾತಿಗೂ ಗುಂಡಿಗೂ ಬೆಲೆ.
ನಾನು ಐವತ್ತೆರಡರವಳು. ಕ್ಲಬ್ಬಿಗೆ ಸೇರಿ ನಾಲ್ಕು ತಿಂಗಳು.
ಕೇಳಿದ್ದು ಇಷ್ಟೇ:
ಎಲ್ಲಕ್ಕೂ ಆಗಿಬರುವಂಥದು ಯಾವುದು?

ಬೆಟ್ಟದ ಕಡೆಯಿಂದ ಆಷಾಢದ ಗಾಳಿ.
ಐವತ್ತು ಮೀಟರಿನಾಚೆ
ಹಲಗೆಗೆ ಅಂಟಿಸಿದ ಕಾಗದ ಪಟಪಟ.

ಮೂವತ್ತರದು ಹೊರಟಿತು.
ಗಾಳಿ ಅದರ ಸೆರಗು ಹಿಡಿದೆಳೆಯಿತು,
ಕಪ್ಪು ಬಿಟ್ಟು ಬಿಳುಪಿಗೆ ಬಿತ್ತು.
ಅರವತ್ತರದು ಮುಟ್ಟಿತು ನಿಜ,
ಆದರೆ ತೂತು ದುಂಡಗಿಲ್ಲ, ಬೀಗದ ಕಿಂಡಿಯ ಹಾಗೆ ಉದ್ದ.
ನಮ್ಮ ನಳಿಗೆಯ ತಿರುಪು ಅದರ ಮೈಗೆ ಸಾಲದೆ
ಅರ್ಧ ದಾರಿಗೆ ತಲೆಸುತ್ತಿ
ಅಡ್ಡಡ್ಡ ಹೋಗಿ ಹೊಡೆದಿದೆ.
ಕುಟ್ಟಪ್ಪನವರು ನಳಿಗೆಯನ್ನು ಬೈದರು.

ಗ್ರೇನ್ ಅಂದರೆ ಕಾಳು,
ಯಾವುದೋ ದೇಶದ ಯಾರದೋ ಹೊಲದ್ದು.
ನಮ್ಮ ಮನೆಯಲ್ಲಿ ಕಾಳೆಂದರೆ ಗುಲಗಂಜಿ.
ಅಶೋಕ ರಸ್ತೆಯ ಹಿಂದಿನ ಓಣಿ, ಮೂರು ಮೆಟ್ಟಿಲ ಅಂಗಡಿ,
ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ.
ಏಳು ವರ್ಷದ ನನಗೆ ಅಪ್ಪ ಮೊದಲು ಕಲಿಸಿದ್ದು
ತೂಗುವುದನ್ನಲ್ಲ, ಉಸಿರು ಹಿಡಿಯುವುದನ್ನು.
"ನಿನ್ನ ಉಸಿರ್ಗೂ ತೂಕ ಅದೆ ಕಣವ್ವ,
ಅದ ಗಿರಾಕಿಗೆ ಮಾರ್ಬೇಡ."

ಚೋಂದಮ್ಮ ಮೇಡಂ ಹೇಳಿದ್ದೂ ಅದನ್ನೇ:
ಅರ್ಧ ಉಸಿರು ಬಿಡಿ, ಉಳಿದರ್ಧ ನಿಲ್ಲಿಸಿ,
ಕುದುರೆಯನ್ನು ಎಳೆಯಬೇಡಿ,
ತಾನೇ ಎಳೆದುಕೊಳ್ಳಲಿ.
ಕೋವಿಗೆ ಕೆನ್ನೆ ಒತ್ತಿಕೊಂಡೇ ನಗು ಬಂತು.
ನಲವತ್ತೈದು ವರ್ಷ
ಕುದುರೆಯಿಲ್ಲದ ಕೋವಿಯ ಮುಂದೆ ಕೂತಿದ್ದೆನಲ್ಲ.

ನಲವತ್ತರದು ಹೀಗೆ ಬಂತು, ಸಾದಾ ಡಬ್ಬಿಯಲ್ಲಿ.
ಯಾವುದರಲ್ಲೂ ಮೊದಲಲ್ಲ.
ಗಾಳಿ ನೂಕಿದರೆ ಇದೂ ಸರಿಯುತ್ತೆ,
ಆದರೆ ಇವತ್ತು ಸರಿದಷ್ಟೇ ನಾಳೆಯೂ.
ಹತ್ತರಲ್ಲಿ ಆರು ಒಂಬತ್ತರ ಗೆರೆಯೊಳಗೆ,
ಎರಡು ನಟ್ಟನಡುವೆ,
ಇನ್ನೆರಡರ ಮಾತು ಬೇಡ, ಅದು ನನ್ನ ತೋಳಿನ ತಪ್ಪು.
ಪುಟ್ಟಮಾದಯ್ಯ ಬನ್ನು ನುಂಗಿ ತಲೆಯಾಡಿಸಿದರು:
"ಸಂಸಾರಕ್ಕೆ ಆಗೋ ಗುಂಡು."

ಮರಳದಿಬ್ಬದಿಂದ ಒಂದನ್ನು ಹೆಕ್ಕಿ, ಮಣ್ಣು ಒರೆಸಿ,
ಚಪ್ಪಟೆಯಾದ ಅದರ ಮೂತಿ ನೋಡುತ್ತ
ಕರವಸ್ತ್ರದಲ್ಲಿ ಕಟ್ಟಿ ಅಂಗಡಿಗೆ ಒಯ್ದೆ.
ಅಪ್ಪ ಕೂಗಿದ: "ಸೀಸ! ತಟ್ಟೆಗೆ ಮುಟ್ಟಿಸ್ಬೇಡ!
ಚಿನ್ನಕ್ಕೆ ತಾಕಿದ್ರೆ ಹಪ್ಪಳದಂಗೆ ಬಿರಿಯುತ್ತೆ!"
ಕ್ಯಾಲೆಂಡರಿನ ಜೂನ್ ತಿಂಗಳನ್ನು ಹರಿದು
ಎರಡು ತಟ್ಟೆಗೂ ಒಂದೊಂದು ಚೂರು ಹಾಸಿ
ಕೆಂಪು ಕಾಳು ಇಡತೊಡಗಿದ.
ಹತ್ತು. ಹದಿನೈದು.
ಇಬ್ಬರದೂ ಉಸಿರು ನಿಂತಿತ್ತು, ಯಾರೂ ಹೇಳದೆ.
ಇಪ್ಪತ್ತೊಂದಕ್ಕೆ ಮುಳ್ಳು ನೆಟ್ಟಗಾಗಿ
ಮತ್ತೆ ಕೂದಲೆಳೆಯಷ್ಟು ಗುಂಡಿನ ಕಡೆಗೇ ವಾಲಿತು.

"ಇಪ್ಪತ್ತೊಂದು, ಮೇಲೊಂದು ಚೂರು.
ಕೂಸಿನ ಕಿವಿ ಚುಚ್ಚೋವಾಗ ಇಕ್ಕೋ ಓಲೆ, ಒಂದು ಜೊತೆ.
ಯಾರ್ಗೆ ಇದು?"
ಯಾರಿಗೂ ಅಲ್ಲಪ್ಪ. ಕಾಗದಕ್ಕೆ.
ಕನ್ನಡಕದ ಮೇಲಿಂದ ನೋಡಿದ, ನಂಬಿದನೋ ಇಲ್ಲವೋ,
ಕೈರೂಢಿಗೆ ಗುಲಾಬಿ ಕಾಗದದಲ್ಲಿ ಪೊಟ್ಟಣ ಕಟ್ಟಿ
ತೂಕ ಬರೆದ.
ಮಜೂರಿಯ ಜಾಗ ಖಾಲಿ ಬಿಟ್ಟ.

ಭಾನುವಾರ ಮತ್ತೆ ಗಾಳಿ.
ಕಿವಿಗೆ ಮುಚ್ಚಳ ಹಾಕುವ ಮೊದಲು
ಓಲೆ ಬಿಚ್ಚಿ ಬಲಗಡೆ ಜೇಬಿಗೆ ಹಾಕಿಕೊಂಡೆ.
ತೋಟಾ ಎಡಗಡೆ.
ಎರಡು ಜೇಬನ್ನೂ ಒಮ್ಮೆ ಮುಟ್ಟಿ ನೋಡಿಕೊಂಡು
ಚಾಪೆಯ ಮೇಲೆ ಬೋರಲು ಮಲಗಿದೆ.